ಚಾಲಕನ ಆಸನ: ನಂಬಿಕೆಯ ಒಂದು ಚರಿತ್ರೆ

ಚಾಲಕನಿಲ್ಲದೆ ತಾನೇ ಓಡುವ ಕಾರನ್ನು ಮನುಷ್ಯ ಚಾಲಕನಿಗಿಂತ ಹೆಚ್ಚು ನಂಬಬಹುದೇ ಎಂದು ಕೇಳುವಾಗ, ಮನುಷ್ಯ ಚಾಲಕನ ಮೇಲೆ ಸಮಾಜಕ್ಕೆ ಮೊದಲಿನಿಂದಲೂ ನಂಬಿಕೆಯಿತ್ತೆಂದೂ ಯಂತ್ರವು ಈಗಷ್ಟೇ ಬಂದು ಆ ನಂಬಿಕೆಗೆ ಎದುರಾಳಿಯಾಗಿ ನಿಂತಿದೆಯೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಚಾಲಕವೃತ್ತಿಯ ಚರಿತ್ರೆಯಲ್ಲಿ ಈ ಭಾವನೆಗೆ ಆಧಾರ ಸಿಗುವುದಿಲ್ಲ. ಯಂತ್ರಬಲದ ವಾಹನ ರಸ್ತೆಗಿಳಿದ ಕಾಲದಲ್ಲಿ ಅದನ್ನು ನಡೆಸುವ ಮನುಷ್ಯನನ್ನು ಸರ್ಕಾರವೂ ನಂಬಿರಲಿಲ್ಲ, ದಾರಿಹೋಕನೂ ನಂಬಿರಲಿಲ್ಲ. ಪರವಾನಗಿ, ವಿಮೆ, ಪರೀಕ್ಷೆ, ಅಪಘಾತದ ವಿಚಾರಣೆ ಎಂಬ ಏರ್ಪಾಡುಗಳು ಒಂದೊಂದಾಗಿ ಬಂದು ನೆಲೆಗೊಂಡ ಸುಮಾರು 70 ವರ್ಷಗಳ ಅವಧಿಯಲ್ಲಿ ಆ ನಂಬಿಕೆಯನ್ನು ಕಷ್ಟಪಟ್ಟು ಕಟ್ಟಲಾಯಿತು. ಹಾಗೆ ಕಟ್ಟಿದ ನಂಬಿಕೆಗೆ ಚಾಲಕನ ಕೈಚಳಕಕ್ಕಿಂತ ಹೆಚ್ಚು ಆಸರೆಯಾದದ್ದು, ಅವನು ತಪ್ಪಿದಾಗ ಏನಾಯಿತೆಂದು ಕೇಳಿ ಉತ್ತರ ಪಡೆಯುವ ವ್ಯವಸ್ಥೆ. ಇಂದಿನ ವಾದವನ್ನು ಆ ಹಳೆಯ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದಾಗ ಅದರ ಆಕಾರವೇ ಬದಲಾಗುತ್ತದೆ.

ಮೋಟಾರಿಗಿಂತ ಮುಂಚಿನ ವಾಹನಗಳಲ್ಲಿ ಎರಡು ಬುದ್ಧಿಗಳು ಒಟ್ಟಿಗೆ ಕೆಲಸ ಮಾಡುತ್ತಿದ್ದವು. ಒಂದು ಗಾಡಿ ಹೊಡೆಯುವವನದು, ಇನ್ನೊಂದು ಗಾಡಿಗೆ ಕಟ್ಟಿದ ಪ್ರಾಣಿಯದು. ಸಂತೆ ಮುಗಿಸಿ ರಾತ್ರಿ ಹಿಂತಿರುಗುವ ರೈತ ಗಾಡಿಯಲ್ಲಿ ಹಾಸಿದ ಹುಲ್ಲಿನ ಮೇಲೆ ನಿದ್ದೆ ಹೋದರೂ ಎತ್ತುಗಳು ತಾವು ಬಲ್ಲ ದಾರಿ ಹಿಡಿದು ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದುದು ಕರ್ನಾಟಕದ ಹಳ್ಳಿಗಳಲ್ಲಿ ತೀರ ಈಚಿನವರೆಗೂ ಎಲ್ಲರೂ ಬಲ್ಲ ಸಂಗತಿಯಾಗಿತ್ತು. ಜಟಕಾ ಗಾಡಿಯ ಕುದುರೆ ಎದುರಿಗೆ ಹಳ್ಳ ಕಂಡರೆ ಲಗಾಮಿನ ಸೂಚನೆಗೆ ಕಾಯದೆ ನಿಲ್ಲುತ್ತಿತ್ತು. ಬೆದರಿದರೆ ಅದೇ ಲಗಾಮನ್ನು ಲೆಕ್ಕಿಸದೆ ಓಡಿಯೂ ಬಿಡುತ್ತಿತ್ತು. ಇಂಜಿನ್ನು ಬಂದಾಗ ವಾಹನದ ಬಲ ಹೆಚ್ಚಿತು, ಆದರೆ ಈ ಎರಡನೆಯ ಬುದ್ಧಿ ಕಳೆದುಹೋಯಿತು. ಇಂಜಿನ್ನಿಗೆ ಹಳ್ಳ ಕಾಣುವುದಿಲ್ಲ, ಮಗು ಕಾಣುವುದಿಲ್ಲ, ಮನೆಯ ದಾರಿ ಗೊತ್ತಿಲ್ಲ. ಎಲ್ಲವನ್ನೂ ಆಸನದಲ್ಲಿ ಕೂತ ಒಬ್ಬನೇ ನೋಡಿಕೊಳ್ಳಬೇಕು. ಆದಕಾರಣ ಆಧುನಿಕ ಅರ್ಥದ ಚಾಲಕನೆಂದರೆ, ಹಿಂದೆ ಇಬ್ಬರು ಹೊರುತ್ತಿದ್ದ ಎಚ್ಚರದ ಹೊರೆಯನ್ನು ಒಬ್ಬನೇ ಹೊತ್ತವನು. ಕಾರಿಗೆ ಮರಳಿ ಒಂದು ಬುದ್ಧಿಯನ್ನು ಕೊಡುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದದ್ದನ್ನು ಈ ನಷ್ಟದ ಬೆನ್ನಿಗೇ ಓದಬೇಕಾಗುತ್ತದೆ.

ಆ ಒಬ್ಬನನ್ನು ನಂಬಲು ಬ್ರಿಟನ್ನಿನ ಶಾಸನಸಭೆ ಸಿದ್ಧವಿರಲಿಲ್ಲ. 1865ರ ಲೋಕೋಮೋಟಿವ್ ಕಾಯ್ದೆ ರಸ್ತೆಯ ಮೇಲೆ ಓಡುವ ಉಗಿಯಂತ್ರಗಳ ವೇಗವನ್ನು ಊರಿನ ಹೊರಗೆ ಗಂಟೆಗೆ 4 ಮೈಲಿಗೂ ಊರೊಳಗೆ 2 ಮೈಲಿಗೂ ಸೀಮಿತಗೊಳಿಸಿ, ಪ್ರತಿ ವಾಹನಕ್ಕೂ ಮೂವರು ಆಳುಗಳಿರಬೇಕೆಂದೂ ಅವರಲ್ಲಿ ಒಬ್ಬ ಕನಿಷ್ಠ 60 ಗಜ ಮುಂದೆ ಕೆಂಪು ಬಾವುಟ ಹಿಡಿದು ನಡೆಯಬೇಕೆಂದೂ ವಿಧಿಸಿತು. ಈ ಕಾಯ್ದೆಯನ್ನು ಪ್ರಗತಿಯ ಶತ್ರುಗಳು ಮಾಡಿದ ಮೂರ್ಖತನವೆಂದು ತಂತ್ರಜ್ಞಾನದ ಚರಿತ್ರೆಕಾರರು ಬಹುಕಾಲ ಬಣ್ಣಿಸಿದ್ದಾರೆ. ಆ ಬಣ್ಣನೆ ಪೂರ್ತಿ ನ್ಯಾಯವಾದದ್ದಲ್ಲ. ಕುದುರೆಗಳು ಯಂತ್ರದ ಸದ್ದಿಗೆ ಬೆದರುತ್ತಿದ್ದ, ಕಾಲ್ನಡಿಗೆಯವರಿಗೆ ಪ್ರತ್ಯೇಕ ದಾರಿಯಿಲ್ಲದಿದ್ದ ರಸ್ತೆಗಳಲ್ಲಿ ಹೊರಗಿನವರಿಗೆ ಮುನ್ಸೂಚನೆ ಕೊಡುವ ಹೊಣೆ ವಾಹನದವನದೇ ಎಂಬ ತತ್ತ್ವವನ್ನು ಆ ಬಾವುಟ ಎತ್ತಿ ಹಿಡಿದಿತ್ತು. 1878ರ ತಿದ್ದುಪಡಿಯಲ್ಲಿ ನಿಯಮ ಸಡಿಲವಾಯಿತು. 1896ರ ಕಾಯ್ದೆ ಹಗುರವಾದ ಮೋಟಾರು ವಾಹನಗಳಿಗೆ ಮುಂದೆ ನಡೆಯುವವನ ಅಗತ್ಯವನ್ನೇ ತೆಗೆದುಹಾಕಿ ವೇಗದ ಮಿತಿಯನ್ನು 14 ಮೈಲಿಗೆ ಏರಿಸಿತು.

ಆ ಹೊಸ ಕಾಯ್ದೆ ಜಾರಿಗೆ ಬರುವ ಮುನ್ನವೇ, 1896ರ ಆಗಸ್ಟ್ 17ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಪ್ರದರ್ಶನಕ್ಕೆಂದು ಓಡಿಸುತ್ತಿದ್ದ ಕಾರೊಂದು 44 ವರ್ಷದ ಮಹಿಳೆಯೊಬ್ಬರಿಗೆ ಬಡಿದು ಅವರು ಸತ್ತರು. ಬ್ರಿಟನ್ನಿನಲ್ಲಿ ಪೆಟ್ರೋಲ್ ಕಾರಿಗೆ ಸಿಕ್ಕು ಸತ್ತ ಮೊದಲ ಪಾದಚಾರಿ ಅವರು. ಮರಣ ವಿಚಾರಣೆಯಲ್ಲಿ ಕಾರಿನ ವೇಗದ ಬಗ್ಗೆ ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ಹೊಂದಲಿಲ್ಲ. ಅದು ಆಕಸ್ಮಿಕ ಸಾವೆಂದು ತೀರ್ಮಾನವಾಯಿತು. ಇಂಥ ಘಟನೆ ಮತ್ತೆಂದೂ ನಡೆಯದಿರಲೆಂಬ ಆಶಯವನ್ನು ವಿಚಾರಣಾಧಿಕಾರಿ ವ್ಯಕ್ತಪಡಿಸಿದರು. ವೇಗವನ್ನು ಅಳೆಯುವ ಸಾಧನವಿಲ್ಲದ, ಚಾಲಕನಿಗೆ ಯಾವ ತರಬೇತಿ ಇರಬೇಕೆಂಬ ಮಾನದಂಡವಿಲ್ಲದ ಕಾಲದಲ್ಲಿ ಆ ವಿಚಾರಣೆಗೆ ಅದಕ್ಕಿಂತ ಹೆಚ್ಚಿನದೇನನ್ನೂ ಹೇಳುವ ಶಕ್ತಿಯಿರಲಿಲ್ಲ.

ಮಾನದಂಡ ಮೂಡಲು ಇನ್ನೂ ನಾಲ್ಕು ದಶಕಗಳು ಬೇಕಾದವು. 1903ರ ಮೋಟಾರ್ ಕಾರ್ ಕಾಯ್ದೆಯ ಪ್ರಕಾರ 1904ರ ಜನವರಿ 1ರಿಂದ ಬ್ರಿಟನ್ನಿನಲ್ಲಿ ಚಾಲನಾ ಪರವಾನಗಿ ಕಡ್ಡಾಯವಾಯಿತಾದರೂ ಅದು 5 ಶಿಲಿಂಗ್ ಕೊಟ್ಟವರಿಗೆಲ್ಲ ಸಿಗುವ ಚೀಟಿಯಾಗಿತ್ತೇ ಹೊರತು ಸಾಮರ್ಥ್ಯದ ಪ್ರಮಾಣವಾಗಿರಲಿಲ್ಲ. ಅದರ ನಿಜವಾದ ಪ್ರಯೋಜನವೆಂದರೆ ತಪ್ಪು ಮಾಡಿದವನನ್ನು ಗುರುತಿಸುವುದು. 1930ರ ಕಾಯ್ದೆ ಮೂರನೆಯ ವ್ಯಕ್ತಿಯ ವಿಮೆಯನ್ನು, ಅಂದರೆ ವಾಹನದ ಒಡೆಯನಿಗೂ ವಿಮಾ ಕಂಪನಿಗೂ ಸಂಬಂಧಪಡದ ಹೊರಗಿನವನಿಗೆ ಆದ ಹಾನಿಯನ್ನು ತುಂಬಿಕೊಡುವ ವಿಮೆಯನ್ನು, ಕಡ್ಡಾಯಗೊಳಿಸಿತು. 1934ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ 7,000ಕ್ಕೂ ಹೆಚ್ಚು ಜನ ಸತ್ತ ಮೇಲೆ, 1935ರ ಜೂನ್ 1ರಿಂದ ಚಾಲನಾ ಪರೀಕ್ಷೆ ಕಡ್ಡಾಯವಾಯಿತು. ಕೆಂಪು ಬಾವುಟದಿಂದ ಪರೀಕ್ಷೆಯವರೆಗೆ ಸರಿಯಾಗಿ 70 ವರ್ಷ. ಭಾರತದಲ್ಲಿ 1914ರ ಮೋಟಾರು ವಾಹನ ಕಾಯ್ದೆ, ಅದರ ಬದಲಿಗೆ ಬಂದ 1939ರ ಕಾಯ್ದೆ, ಈಗ ಜಾರಿಯಲ್ಲಿರುವ 1988ರ ಕಾಯ್ದೆ ಇವು ಇದೇ ಹಾದಿಯಲ್ಲಿ ನಡೆದವು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ವರ್ಷಗಟ್ಟಲೆ ಅಪಘಾತವಿಲ್ಲದೆ ಬಸ್ಸು ಓಡಿಸಿದ ಚಾಲಕರಿಗೆ ಬೆಳ್ಳಿ ಮತ್ತು ಚಿನ್ನದ ಪದಕಗಳನ್ನು ಕೊಡುವ ಪದ್ಧತಿಯೂ ಈ ಚರಿತ್ರೆಯ ಭಾಗವೇ. ಒಬ್ಬ ಚಾಲಕನ ಮೇಲಿಡುವ ನಂಬಿಕೆಗೆ ಅವನ ಮುಖವಾಗಲಿ ಮಾತಾಗಲಿ ಆಧಾರವಲ್ಲ, ಬರೆದಿಟ್ಟ ಅವನ ಸೇವಾ ದಾಖಲೆಯೇ ಆಧಾರ ಎಂಬುದನ್ನು ಆ ಪದಕಗಳು ಸರಳವಾಗಿ ಹೇಳುತ್ತವೆ.

ರಸ್ತೆಗಿಂತ ಮೊದಲೇ ಈ ಪಾಠವನ್ನು ಕಲಿತದ್ದು ರೈಲ್ವೆ. 1840ರಲ್ಲೇ ಬ್ರಿಟನ್ ರೈಲ್ವೆ ತನಿಖಾಧಿಕಾರಿಗಳನ್ನು ನೇಮಿಸಿತ್ತು. ಅಪಘಾತಗಳ ಕಾರಣವನ್ನು ಹುಡುಕಿ ಅವರು ವರದಿಗಳನ್ನು ಪ್ರಕಟಿಸುತ್ತಿದ್ದರು. ಎರಡು ರೈಲುಗಳ ನಡುವೆ ಇಂತಿಷ್ಟು ನಿಮಿಷಗಳ ಅಂತರ ಬಿಡುವುದರ ಬದಲು, ಹಳಿಯ ಒಂದು ಭಾಗದಲ್ಲಿ ಒಂದು ರೈಲು ಇರುವವರೆಗೆ ಇನ್ನೊಂದನ್ನು ಒಳಗೆ ಬಿಡದ ಬ್ಲಾಕ್ ಪದ್ಧತಿಯನ್ನು ಅನುಸರಿಸಬೇಕೆಂದೂ, ಬೋಗಿಗಳು ಕಳಚಿಕೊಂಡರೆ ತಾನಾಗಿಯೇ ಬಿಗಿಯುವ ಬ್ರೇಕನ್ನು ಅಳವಡಿಸಬೇಕೆಂದೂ ಅವರು ವರ್ಷಗಳ ಕಾಲ ಸಲಹೆ ಮಾಡುತ್ತಲೇ ಬಂದರು. ಖರ್ಚಿನ ಜೊತೆಗೆ, ಯಂತ್ರವನ್ನು ನೆಚ್ಚಿದರೆ ನೌಕರರ ಎಚ್ಚರ ಕುಂದುತ್ತದೆಂಬ ಕಾರಣವನ್ನೂ ಮುಂದಿಟ್ಟು ಕಂಪನಿಗಳು ಹಿಂಜರಿದವು. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಪಟ್ಟಣದ ಬಳಿ ಪ್ರವಾಸಕ್ಕೆ ಹೊರಟಿದ್ದ ರೈಲೊಂದು ಏರಿನಲ್ಲಿ ನಿಂತುಹೋದಾಗ ಅದನ್ನು ಎರಡು ಭಾಗ ಮಾಡಿದರು. ಹಿಂದಿನ ಭಾಗ ಇಳಿಜಾರಿನಲ್ಲಿ ಹಿಮ್ಮುಖವಾಗಿ ಓಡಿ ಬೆನ್ನಿಗೆ ಬರುತ್ತಿದ್ದ ಇನ್ನೊಂದು ರೈಲಿಗೆ ಅಪ್ಪಳಿಸಿತು. ಸುಮಾರು 80 ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಸಲಹೆಯ ಕಾಲ ಅಲ್ಲಿಗೆ ಮುಗಿಯಿತು. ಅದೇ ವರ್ಷ ಬಂದ ಕಾಯ್ದೆ ಬ್ಲಾಕ್ ಪದ್ಧತಿಯನ್ನೂ, ಸಿಗ್ನಲ್ ಮತ್ತು ಹಳಿಗಳು ಪರಸ್ಪರ ವಿರುದ್ಧ ಸ್ಥಿತಿಯಲ್ಲಿ ನಿಲ್ಲದಂತೆ ತಡೆಯುವ ಅಂತರ್‌ಬಂಧನವನ್ನೂ, ಇಡೀ ಪ್ರಯಾಣಿಕ ರೈಲಿಗೆ ಅನ್ವಯಿಸುವ ಸ್ವಯಂಕ್ರಿಯ ಬ್ರೇಕನ್ನೂ ಕಡ್ಡಾಯಗೊಳಿಸಿತು. ಮನುಷ್ಯನ ನೆನಪು ಮತ್ತು ಗಡಿಯಾರದ ಮೇಲಿದ್ದ ಭಾರವನ್ನು ಯಂತ್ರಕ್ಕೆ ವರ್ಗಾಯಿಸಿದ ಮೊದಲ ದೊಡ್ಡ ಶಾಸನಗಳಲ್ಲಿ ಅದೊಂದು. ಯಂತ್ರದ ಮೇಲೆ ಆ ಭಾರ ಹಾಕಲು ಧೈರ್ಯ ಬಂದದ್ದು ಸ್ವತಂತ್ರ ತನಿಖೆಯ ಅರ್ಧ ಶತಮಾನದ ದಾಖಲೆ ಕೈಯಲ್ಲಿದ್ದುದರಿಂದ ಎಂಬುದನ್ನು ಮರೆಯಬಾರದು.

ಈ ದಾರಿಯ ಕೊನೆಯಲ್ಲಿ 1968ರಲ್ಲಿ ತೆರೆದ ಲಂಡನ್ನಿನ ವಿಕ್ಟೋರಿಯಾ ಮಾರ್ಗವಿದೆ. ಅಲ್ಲಿ ರೈಲು ತಾನೇ ಓಡಿ ತಾನೇ ನಿಲ್ಲುತ್ತಿದ್ದರೂ ಮುಂದಿನ ಕೋಣೆಯಲ್ಲಿ ಸಿಬ್ಬಂದಿಯೊಬ್ಬ ಕೂತಿರುತ್ತಿದ್ದ. 1981ರಲ್ಲಿ ಜಪಾನಿನ ಕೋಬೆಯಲ್ಲೂ 1983ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲೂ ಆ ಸಿಬ್ಬಂದಿಯೂ ಇಲ್ಲದ ರೈಲುಗಳು ಓಡಿದವು. ಲಿಫ್ಟಿನ ಕತೆಯೂ ಇಂಥದೇ. ಗುಂಡಿ ಒತ್ತಿದರೆ ಚಲಿಸುವ ಲಿಫ್ಟು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಬಂದಿದ್ದರೂ ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ಆಪರೇಟರ್ ಇಲ್ಲದೆ ಜನ ಹತ್ತಲು ಒಪ್ಪಿದ್ದು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ. ಆದರೆ ರೈಲಿಗೂ ಲಿಫ್ಟಿಗೂ ಬೇಲಿ ಹಾಕಿದ ದಾರಿಯಿದೆ. ರಸ್ತೆಗೆ ಬೇಲಿಯಿಲ್ಲ. ಅಲ್ಲಿ ಯಂತ್ರವು ತನ್ನ ಹಾದಿಯನ್ನು ಅಪರಿಚಿತರೊಡನೆ ಹಂಚಿಕೊಳ್ಳಬೇಕು.

ಚಾಲಕನಿಲ್ಲದ ಕಾರಿನ ಕನಸು ಕಾರಿನಷ್ಟು ಹಳೆಯದಲ್ಲದಿದ್ದರೂ ಸಾಕಷ್ಟು ಹಳೆಯದು. 1925ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ರೇಡಿಯೊ ತರಂಗಗಳಿಂದ ನಿಯಂತ್ರಿಸುವ ಖಾಲಿ ಕಾರೊಂದನ್ನು ಓಡಿಸಿ ತೋರಿಸಲಾಯಿತು. ನಿಯಂತ್ರಕ ಹಿಂದಿನ ಕಾರಿನಲ್ಲಿ ಕೂತಿದ್ದ, ಆದ್ದರಿಂದ ಅಲ್ಲಿ ಚಾಲಕ ಸ್ಥಳ ಬದಲಿಸಿದ್ದನಷ್ಟೆ. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಜನರಲ್ ಮೋಟಾರ್ಸ್ ಪ್ರಾಯೋಜಿಸಿದ, ನಾರ್ಮನ್ ಬೆಲ್ ಗೆಡ್ಡಿಸ್ ರೂಪಿಸಿದ ಪ್ರದರ್ಶನವು ತಾವೇ ಚಲಿಸುವ ಕಾರುಗಳ ಹೆದ್ದಾರಿಯನ್ನು ಮಾದರಿಯಲ್ಲಿ ತೋರಿಸಿತು. ರಸ್ತೆಯಡಿ ತಂತಿ ಹುದುಗಿಸಿ ಕಾರನ್ನು ನಡೆಸುವ ಪ್ರಯೋಗಗಳು 1950ರ ದಶಕದಲ್ಲಿ ಅಮೆರಿಕದಲ್ಲಿ ನಡೆದವು. ಇವೆಲ್ಲವೂ ರಸ್ತೆಯನ್ನು ಹಳಿಯನ್ನಾಗಿಸುವ ಪ್ರಯತ್ನಗಳು.

ಇದ್ದ ರಸ್ತೆಯನ್ನು ಇದ್ದ ಹಾಗೆಯೇ ನೋಡಬಲ್ಲ ಕಾರನ್ನು ಕಟ್ಟಿದ ಮೊದಲಿಗರಲ್ಲಿ ಮ್ಯೂನಿಕ್‌ನ ಸೇನಾ ವಿಶ್ವವಿದ್ಯಾಲಯದ ಅರ್ನ್ಸ್ಟ್ ಡಿಕ್‌ಮನ್ಸ್ ಒಬ್ಬರು. ಕ್ಯಾಮರಾ ಮತ್ತು ಕಂಪ್ಯೂಟರುಗಳನ್ನು ಹೊತ್ತ ಅವರ ಮರ್ಸಿಡಿಸ್ ವ್ಯಾನ್ 1987ರಲ್ಲಿ ಖಾಲಿ ಹೆದ್ದಾರಿಯಲ್ಲಿ ಗಂಟೆಗೆ 96 ಕಿ.ಮೀ. ವೇಗದಲ್ಲಿ ಓಡಿತು, 1995ರಲ್ಲಿ ಅವರ ತಂಡದ ಕಾರು ಮ್ಯೂನಿಕ್‌ನಿಂದ ಡೆನ್ಮಾರ್ಕಿನ ಓಡೆನ್ಸ ನಗರದವರೆಗೆ ಇತರ ವಾಹನಗಳ ನಡುವೆಯೇ, ಬಹುಪಾಲು ತಾನೇ ನಡೆದು ಹೋಯಿತು. ಅದೇ ವರ್ಷ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೀನ್ ಪಾಮರ್ಲೋ ಮತ್ತು ಟಾಡ್ ಯೋಕೆಮ್ ಪಿಟ್ಸ್‌ಬರ್ಗ್‌ನಿಂದ ಸ್ಯಾನ್ ಡೀಗೊವರೆಗೆ ಕಾರಿನಲ್ಲಿ ಹೋದಾಗ ಸ್ಟಿಯರಿಂಗನ್ನು ದೂರದ ಶೇ. 98ರಷ್ಟು ಭಾಗದಲ್ಲಿ ಕಂಪ್ಯೂಟರೇ ತಿರುಗಿಸಿತು. ಬ್ರೇಕು ಮತ್ತು ವೇಗ ಮಾತ್ರ ಅವರ ಕಾಲಲ್ಲೇ ಇದ್ದವು. ಶೇ. 98 ಎಂಬುದು ಪರೀಕ್ಷೆಯ ಅಂಕವಾದರೆ ದೊಡ್ಡದು. ರಸ್ತೆಯಲ್ಲಿ ಉಳಿದ ಶೇ. 2 ಯಾವ ತಿರುವಿನಲ್ಲಿ, ಯಾರ ಮುಂದೆ ಬರುತ್ತದೆ ಎಂಬುದೇ ಮುಖ್ಯ.

ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2004ರ ಮಾರ್ಚ್ 13ರಂದು ಮೊಹಾವಿ ಮರುಭೂಮಿಯಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನವಿದ್ದರೂ ಅತಿ ಹೆಚ್ಚು ದೂರ ಹೋದ ವಾಹನ 12 ಕಿ.ಮೀ. ಸಹ ಮುಟ್ಟಲಿಲ್ಲ. ಮರುವರ್ಷ ಐದು ವಾಹನಗಳು 132 ಮೈಲಿಗಳ ಹಾದಿಯನ್ನು ಪೂರೈಸಿದವು. ಸೆಬಾಸ್ಟಿಯನ್ ಥ್ರನ್ ನೇತೃತ್ವದ ಸ್ಟ್ಯಾನ್‌ಫರ್ಡ್ ತಂಡದ ಕಾರು ಗೆದ್ದಿತು. 2007ರಲ್ಲಿ ನಗರದ ಬೀದಿಗಳನ್ನು ಹೋಲುವ ಅಂಗಳದಲ್ಲಿ ಸ್ಪರ್ಧೆ ನಡೆಯಿತು. ಅಲ್ಲಿ ಪಳಗಿದ ಸಂಶೋಧಕರನ್ನೇ ಸೇರಿಸಿಕೊಂಡು ಗೂಗಲ್ 2009ರಲ್ಲಿ ಆರಂಭಿಸಿದ ಯೋಜನೆ 2016ರಲ್ಲಿ ವೇಮೊ ಎಂಬ ಪ್ರತ್ಯೇಕ ಕಂಪನಿಯಾಯಿತು. ವಿಶ್ವವಿದ್ಯಾಲಯದ ಪ್ರಯೋಗ ಇಲ್ಲಿಂದ ಮುಂದೆ ವ್ಯಾಪಾರವಾಯಿತು, ಮತ್ತು ಅದರ ದಾಖಲೆಗಳು ಕಂಪನಿಗಳ ಸ್ವತ್ತಾದವು.

ಈ ಘಟ್ಟದಲ್ಲಿ ತಲೆದೋರಿದ ಅತಿ ಕಠಿಣ ಸಮಸ್ಯೆ ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯನದು. ವಾಹನ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವು 2014ರಲ್ಲಿ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗಿನ ಹಂತಗಳಾಗಿ ವಿಂಗಡಿಸಿತು. ಸೊನ್ನೆಯ ಹಂತದಲ್ಲಿ ಎಲ್ಲವೂ ಮನುಷ್ಯನದು, ಐದನೆಯದರಲ್ಲಿ ಎಲ್ಲವೂ ಯಂತ್ರದ್ದು. ನಡುವಿನ ಕೆಲವು ಹಂತಗಳಲ್ಲಿ ಯಂತ್ರ ಓಡಿಸುತ್ತದೆ, ಮನುಷ್ಯ ಕಾವಲು ಕೂತು ಅಥವಾ ಕರೆಗೆ ಸಿದ್ಧನಾಗಿದ್ದು ಬೇಕಾದಾಗ ಕೈಹಾಕಬೇಕು. ಹೀಗೆ ಕಾವಲು ಕೂರುವುದು ಮನುಷ್ಯನಿಗೆ ಒಗ್ಗದ ಕೆಲಸವೆಂದು ಬಹಳ ಹಿಂದೆಯೇ ತಿಳಿದಿತ್ತು. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಪರದೆ ನೋಡುತ್ತಿದ್ದ ಬ್ರಿಟಿಷ್ ವಾಯುಪಡೆಯವರು ಶತ್ರುವಿನ ಸುಳಿವುಗಳನ್ನು ತಪ್ಪಿಸಿಕೊಳ್ಳುತ್ತಿದ್ದುದೇಕೆಂದು ಶೋಧಿಸಿದ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್, ಅಪರೂಪದ ಸೂಚನೆಗಾಗಿ ಕಾಯುವವನ ಎಚ್ಚರ ಮೊದಲ ಅರ್ಧ ಗಂಟೆಯಲ್ಲೇ ಗಣನೀಯವಾಗಿ ಕುಸಿಯುತ್ತದೆಂದು 1948ರಲ್ಲಿ ತೋರಿಸಿದರು. ಕಾರ್ಖಾನೆಗಳ ಸ್ವಯಂಚಾಲನೆಯನ್ನು ಅಭ್ಯಸಿಸಿದ ಲಿಸಾನ್ ಬೇನ್‌ಬ್ರಿಜ್ 1983ರಲ್ಲಿ ಇನ್ನೊಂದನ್ನು ಸೇರಿಸಿದರು: ಸುಲಭದ ಕೆಲಸವನ್ನು ಯಂತ್ರಕ್ಕೆ ಕೊಟ್ಟಾಗ ಮನುಷ್ಯನ ಪಾಲಿಗೆ ಉಳಿಯುವುದು ಅತಿ ಕಠಿಣವಾದ ಕೆಲಸ, ಆದರೆ ನಿತ್ಯದ ಅಭ್ಯಾಸ ತಪ್ಪಿದ ಕಾರಣ ಅದನ್ನು ಮಾಡುವ ಅವನ ಶಕ್ತಿ ಅಷ್ಟರಲ್ಲಿ ಕುಂದಿರುತ್ತದೆ.

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನ ರಾಜ್ಯದ ಟೆಂಪಿ ನಗರದಲ್ಲಿ ಈ ಎರಡು ಶೋಧನೆಗಳಿಗೂ ಒಂದು ಜೀವ ಬೆಲೆಯಾಗಿ ಹೋಯಿತು. ಊಬರ್ ಕಂಪನಿ ಪ್ರಯೋಗಕ್ಕಿಟ್ಟಿದ್ದ ವೋಲ್ವೊ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಗಂಟೆಗೆ 60 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಬಡಿಯಿತು. ತಾನೇ ಓಡುವ ಕಾರಿಗೆ ಸಿಕ್ಕು ಸತ್ತ ಮೊದಲ ಪಾದಚಾರಿ ಅವರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ನಡೆಸಿದ ತನಿಖೆಯ ವರದಿಯನ್ನು ಓದುವಾಗ ಕಾರಿಗೆ ಕಣ್ಣಿದ್ದೂ ಅರಿವಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಬಡಿಯುವ 5.6 ಸೆಕೆಂಡುಗಳ ಮೊದಲೇ ಅದರ ಸಂವೇದಕಗಳು ಆಕೆಯನ್ನು ಗುರುತಿಸಿದ್ದವು. ಆದರೆ ಪಾದಚಾರಿಗಳಿಗೆಂದು ಪಟ್ಟೆ ಎಳೆದ ಜಾಗದ ಹೊರಗೂ ಮನುಷ್ಯರು ರಸ್ತೆ ದಾಟುತ್ತಾರೆಂಬ ಸಂಗತಿಯನ್ನು ತಂತ್ರಾಂಶದ ರಚನೆಯಲ್ಲಿ ಸೇರಿಸಿರಲಿಲ್ಲ. ಆದ್ದರಿಂದ ಅದು ಆಕೆಯನ್ನು ಒಮ್ಮೆ ವಾಹನವೆಂದೂ ಒಮ್ಮೆ ಬೇರೇನೋ ಎಂದೂ ಒಮ್ಮೆ ಸೈಕಲ್ ಎಂದೂ ಬಗೆಯಿತು, ಮತ್ತು ಪ್ರತಿ ಸಲ ಹೆಸರು ಬದಲಾದಾಗ ಆವರೆಗಿನ ಚಲನೆಯ ಲೆಕ್ಕವನ್ನು ಕೈಬಿಟ್ಟು ಹೊಸದಾಗಿ ಆರಂಭಿಸಿತು. ಡಿಕ್ಕಿ ಖಚಿತವೆಂದು ತಿಳಿದಾಗಲೂ, ಸುಳ್ಳು ಸೂಚನೆಗಳಿಗೆ ಕಾರು ಪದೇ ಪದೇ ಬ್ರೇಕ್ ಹಾಕದಿರಲೆಂದು ಅಳವಡಿಸಿದ್ದ ಒಂದು ಸೆಕೆಂಡಿನ ತಡೆ ಉಳಿದ ಕಾಲವನ್ನೂ ನುಂಗಿತು. ವೋಲ್ವೊ ಕಾರಿಗೆ ಕಾರ್ಖಾನೆಯಲ್ಲೇ ಜೋಡಿಸಿದ್ದ ತುರ್ತು ಬ್ರೇಕ್ ವ್ಯವಸ್ಥೆಯನ್ನು ಪ್ರಯೋಗದ ವೇಳೆ ಬಂದ್ ಮಾಡಲಾಗಿತ್ತು.

ಆಸನದಲ್ಲಿ ಕಾವಲಿಗಿದ್ದ ನೌಕರಳು ಆ ಹೊತ್ತಿನಲ್ಲಿ ಮೊಬೈಲ್ ನೋಡುತ್ತಿದ್ದರು. ಕೆಲವು ತಿಂಗಳ ಹಿಂದಷ್ಟೇ ಕಂಪನಿಯು ಪ್ರತಿ ಕಾರಿನಲ್ಲಿ ಇಬ್ಬರಿರುತ್ತಿದ್ದ ಕಾವಲನ್ನು ಒಬ್ಬರಿಗೆ ಇಳಿಸಿತ್ತು. ಸುರಕ್ಷತಾ ಮಂಡಳಿ 2019ರಲ್ಲಿ ಆ ನೌಕರಳ ಗಮನಭಂಗವನ್ನು ಮುಖ್ಯ ಕಾರಣವೆಂದು ಹೇಳುವುದರ ಜೊತೆಗೆ ಕಂಪನಿಯ ದುರ್ಬಲ ಸುರಕ್ಷತಾ ಪದ್ಧತಿಯನ್ನೂ ರಾಜ್ಯ ಸರ್ಕಾರದ ಮೇಲ್ವಿಚಾರಣೆಯ ಕೊರತೆಯನ್ನೂ ಹೆಸರಿಸಿತು. ಆದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತದ್ದು ಆಕೆಯೊಬ್ಬಳೇ. ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದು 2019ರಲ್ಲೇ ಸರ್ಕಾರಿ ವಕೀಲರು ತೀರ್ಮಾನಿಸಿದ್ದರು. 2023ರಲ್ಲಿ ಆಕೆ ತಪ್ಪೊಪ್ಪಿಕೊಂಡು ಮೂರು ವರ್ಷಗಳ ಪ್ರೊಬೇಷನ್ ಶಿಕ್ಷೆ ಪಡೆದರು. ಓಡಿಸುವ ಅಧಿಕಾರವನ್ನು ಯಂತ್ರಕ್ಕೆ ಕೊಟ್ಟು ತಪ್ಪಿನ ಹೊಣೆಯನ್ನು ಮಾತ್ರ ಕೂಲಿಯವಳ ಹೆಗಲಿಗೆ ಹೊರಿಸಿದ ಈ ಏರ್ಪಾಡಿನಲ್ಲಿ ನ್ಯಾಯವಿಲ್ಲ. 1865ರ ಬಾವುಟದವನು ಕನಿಷ್ಠ ಬಯಲಿನಲ್ಲಿ, ಎಲ್ಲರಿಗೂ ಕಾಣುವಂತೆ ನಡೆಯುತ್ತಿದ್ದ.

ಒಂದು ಸಾವಿನಿಂದ ಯಂತ್ರ ಕೆಟ್ಟದ್ದೆಂದು ತೀರ್ಮಾನಿಸಲಾಗದು, ಮನುಷ್ಯ ಚಾಲಕರು ದಿನವೂ ಕೊಲ್ಲುತ್ತಾರೆ ಎಂಬ ಪ್ರತಿವಾದದಲ್ಲಿ ಸತ್ಯವಿದೆ. ಆದರೆ ಹೋಲಿಕೆಯ ಲೆಕ್ಕ ಕಾಣುವಷ್ಟು ಸುಲಭವಲ್ಲ. ಶೇ. 94ರಷ್ಟು ಅಪಘಾತಗಳಿಗೆ ಚಾಲಕರ ತಪ್ಪೇ ಕಾರಣವೆಂಬ ಮಾತು ಬಹಳ ಪ್ರಚಾರ ಪಡೆಯಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತದ 2015ರ ಮೂಲ ವರದಿ ಹೇಳಿದ್ದು, ಅಪಘಾತಕ್ಕೆ ಮುಂಚಿನ ಘಟನಾಸರಣಿಯ ಕೊನೆಯ ಕೊಂಡಿ ಅಷ್ಟು ಪ್ರಮಾಣದಲ್ಲಿ ಚಾಲಕನದಾಗಿತ್ತು ಎಂದು ಮಾತ್ರ. ದೀಪವಿಲ್ಲದ ರಸ್ತೆ, ಗುಂಡಿ, ಕೆಟ್ಟ ತಿರುವು, ವಿಶ್ರಾಂತಿಯಿಲ್ಲದ ದುಡಿಮೆ ಇಂಥ ಹಿಂದಿನ ಕೊಂಡಿಗಳನ್ನು ಆ ಸಂಖ್ಯೆ ಅಳೆಯುವುದಿಲ್ಲ. ಚಾಲಕನನ್ನು ತೆಗೆದುಬಿಟ್ಟರೆ ಅಷ್ಟೂ ಅಪಘಾತಗಳು ಮಾಯವಾಗುತ್ತವೆಂಬ ಲೆಕ್ಕಾಚಾರ ತಪ್ಪು. ಇನ್ನೊಂದು ಕಡೆ, ರ‍್ಯಾಂಡ್ ಸಂಸ್ಥೆಯ ನಿಧಿ ಕಾಲ್ರ ಮತ್ತು ಸೂಸನ್ ಪ್ಯಾಡಕ್ 2016ರಲ್ಲಿ ತೋರಿಸಿದಂತೆ, ಅಮೆರಿಕದಲ್ಲಿ ಮನುಷ್ಯ ಚಾಲಕರ ಮರಣಪ್ರಮಾಣ ಹತ್ತು ಕೋಟಿ ಮೈಲಿಗಳಿಗೆ ಸುಮಾರು ಒಂದು. ಅದಕ್ಕಿಂತ ಯಂತ್ರ ಕೆಟ್ಟದ್ದಲ್ಲವೆಂದು ಶೇ. 95ರ ಖಾತ್ರಿಯಿಂದ ಹೇಳಲು ಅದು ಒಂದು ಸಾವೂ ಇಲ್ಲದೆ 27.5 ಕೋಟಿ ಮೈಲಿ ಓಡಬೇಕು. ನೂರು ಕಾರುಗಳು ಹಗಲಿರುಳು ಗಂಟೆಗೆ 25 ಮೈಲಿಯಂತೆ ಓಡಿದರೂ ಅದಕ್ಕೆ ಹನ್ನೆರಡೂವರೆ ವರ್ಷ ಹಿಡಿಯುತ್ತದೆ. ನಿಂದಿಸುವಷ್ಟು ಕೆಟ್ಟವನೆಂದು ಎಲ್ಲರೂ ಹೇಳುವ ಮನುಷ್ಯ ಚಾಲಕ, ಲೆಕ್ಕಕ್ಕೆ ನಿಂತಾಗ ಇಷ್ಟು ಕಠಿಣ ಪ್ರತಿಸ್ಪರ್ಧಿಯಾಗಿ ಕಾಣುತ್ತಾನೆ.

ಆ ನಂತರದ ವರ್ಷಗಳಲ್ಲಿ ನಿಜವಾದ ಅಂಕಿಗಳು ಬರತೊಡಗಿದವು. ವೇಮೊ ಮತ್ತು ಸ್ವಿಸ್ ರೀ ಎಂಬ ಮರುವಿಮಾ ಕಂಪನಿ 2024ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಾಲಕರಹಿತ ಕಾರುಗಳು ಓಡಿದ 2 ಕೋಟಿ 53 ಲಕ್ಷ ಮೈಲಿಗಳಲ್ಲಿ ಆಸ್ತಿಹಾನಿಯ ವಿಮಾ ಬೇಡಿಕೆಗಳು ಮನುಷ್ಯ ಚಾಲಕರಿಗಿಂತ ಶೇ. 88ರಷ್ಟೂ ದೇಹಹಾನಿಯ ಬೇಡಿಕೆಗಳು ಶೇ. 92ರಷ್ಟೂ ಕಡಿಮೆಯಿದ್ದವು. ಅಧ್ಯಯನದಲ್ಲಿ ಕಂಪನಿಯದೇ ಕೈಯಿರುವುದನ್ನು ಮರೆಯದೆಯೂ, ವಿಮಾ ಬೇಡಿಕೆಗಳು ಹೊರಗಿನವರು ಮಂಡಿಸುವಂಥವು ಎಂಬ ಕಾರಣದಿಂದ ಈ ಅಂಕಿಗೆ ತೂಕ ಕೊಡಬೇಕಾಗುತ್ತದೆ. ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊದಂಥ, ಪ್ರತಿ ಅಂಚನ್ನೂ ಮೊದಲೇ ನಕ್ಷೆಗಿಳಿಸಿದ ಕೆಲವೇ ನಗರಗಳ ಮಟ್ಟಿಗೆ, ಕುಡಿಯದ, ನಿದ್ದೆಗೆಡದ, ಸಿಟ್ಟಾಗದ ಯಂತ್ರವು ಸರಾಸರಿ ಮನುಷ್ಯ ಚಾಲಕನಿಗಿಂತ ಕಡಿಮೆ ಗಾಯ ಮಾಡುತ್ತಿದೆ ಎಂದು ಒಪ್ಪುವುದೇ ಪ್ರಾಮಾಣಿಕತೆ.

ಯಂತ್ರದ ತಪ್ಪಿನ ಸ್ವಭಾವ ಮಾತ್ರ ಬೇರೆ. 2023ರ ಡಿಸೆಂಬರ್‌ನಲ್ಲಿ ಫೀನಿಕ್ಸ್‌ನಲ್ಲಿ ಓರೆಯಾಗಿ ಕಟ್ಟಿ ಎಳೆದೊಯ್ಯುತ್ತಿದ್ದ ಒಂದು ಪಿಕಪ್ ವಾಹನಕ್ಕೆ ವೇಮೊ ಕಾರೊಂದು ತಗುಲಿತು. ಕೆಲವೇ ನಿಮಿಷಗಳಲ್ಲಿ ಅದೇ ಕಂಪನಿಯ ಇನ್ನೊಂದು ಕಾರೂ ಅದೇ ವಾಹನಕ್ಕೆ ತಗುಲಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಸಾವಿರ ಮನುಷ್ಯ ಚಾಲಕರು ಸಾವಿರ ಬಗೆಯಲ್ಲಿ ತಪ್ಪುವಾಗ, ಒಂದೇ ತಂತ್ರಾಂಶದ ಸಾವಿರ ಕಾರುಗಳು ಒಂದೇ ತಪ್ಪನ್ನು ಒಟ್ಟಿಗೆ ಮಾಡುತ್ತವೆ. ತಿದ್ದಿದರೆ ಒಟ್ಟಿಗೇ ತಿದ್ದಿಕೊಳ್ಳುತ್ತವೆ ಎಂಬುದೂ ನಿಜ. ಕಂಪನಿ ತನ್ನ ತಂತ್ರಾಂಶವನ್ನು ತಿದ್ದಿ 2024ರ ಫೆಬ್ರವರಿಯಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿತು. ಇದಕ್ಕೆ ವಿರುದ್ಧವಾದದ್ದು ಕ್ರೂಸ್ ಕಂಪನಿಯ ಕತೆ. 2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನುಷ್ಯ ಚಾಲಕನ ಕಾರು ಗುದ್ದಿ ಎಸೆದ ಮಹಿಳೆಯೊಬ್ಬರು ಕ್ರೂಸ್ ಕಾರಿನ ಅಡಿ ಸಿಕ್ಕರು. ಕಾರು ನಿಂತು, ಅಡಿಯಲ್ಲಿ ಮನುಷ್ಯಜೀವ ಇರುವುದನ್ನು ತಿಳಿಯದೆ ರಸ್ತೆಯ ಬದಿಗೆ ಸರಿಯಲೆಂದು ಅವರನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಗುದ್ದಿದವನು ಓಡಿಹೋಗಿದ್ದ. ಆದರೂ ಕ್ರೂಸ್ ನೆಲಕಚ್ಚಿತು. ಎಳೆದೊಯ್ದ ಭಾಗವನ್ನು ಕಂಪನಿ ತಮ್ಮ ಗಮನಕ್ಕೆ ತರಲಿಲ್ಲವೆಂದು ಕ್ಯಾಲಿಫೋರ್ನಿಯಾದ ವಾಹನ ಇಲಾಖೆ ಆರೋಪಿಸಿ ಅಕ್ಟೋಬರ್ 24ರಂದು ಪರವಾನಗಿಯನ್ನು ಅಮಾನತುಗೊಳಿಸಿತು. 2024ರ ಡಿಸೆಂಬರ್‌ನಲ್ಲಿ ಕ್ರೂಸ್‌ನ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಆ ಚಾಲಕರಹಿತ ಟ್ಯಾಕ್ಸಿ ಯೋಜನೆಯನ್ನೇ ಕೈಬಿಟ್ಟಿತು. ಯಂತ್ರದ ತಪ್ಪನ್ನು ಜನ ಕ್ಷಮಿಸಿಯಾರು, ಮುಚ್ಚಿಟ್ಟದ್ದನ್ನು ಕ್ಷಮಿಸಲಾರರು.

ಶಾಸನಗಳು ಈ ಅನುಭವದ ಹಿಂದೆ ನಿಧಾನವಾಗಿ ನಡೆದು ಬಂದಿವೆ. ಚಲಿಸುವ ಪ್ರತಿ ವಾಹನಕ್ಕೂ ಚಾಲಕನಿರಬೇಕೆಂದೂ ಅವನು ತನ್ನ ವಾಹನವನ್ನು ಅಥವಾ ಪ್ರಾಣಿಗಳನ್ನು ಸದಾ ಹತೋಟಿಯಲ್ಲಿಡಬಲ್ಲವನಾಗಿರಬೇಕೆಂದೂ 1968ರ ವಿಯೆನ್ನಾ ರಸ್ತೆ ಒಪ್ಪಂದ ಹೇಳಿತ್ತು. ಎತ್ತಿನ ಗಾಡಿಗೂ ಕಾರಿಗೂ ಒಂದೇ ವಾಕ್ಯ. ಜರ್ಮನಿಯ 2021ರ ಕಾನೂನು ಚಾಲಕನಿಲ್ಲದ ವಾಹನಕ್ಕೆ ದೂರದಿಂದಲೇ ಅದನ್ನು ನಿಲ್ಲಿಸಬಲ್ಲ ಮೇಲ್ವಿಚಾರಕನೊಬ್ಬ ಇರಬೇಕೆಂದಿತು. ಬ್ರಿಟನ್ನಿನ 2024ರ ಸ್ವಯಂಚಾಲಿತ ವಾಹನ ಕಾಯ್ದೆ ಇನ್ನೂ ಮುಂದೆ ಹೋಗಿ, ಯಂತ್ರ ಓಡಿಸುವಾಗ ಅದರ ಓಟದ ಹೊಣೆಯನ್ನು ಪರವಾನಗಿ ಪಡೆದ ಸಂಸ್ಥೆಯ ಮೇಲೆ ಹೊರಿಸಿತು, ಮತ್ತು ಅಂಥ ವಾಹನವು ಎಚ್ಚರವುಳ್ಳ, ಸಮರ್ಥ ಮನುಷ್ಯ ಚಾಲಕನಿಗಿಂತ ಕಡಿಮೆಯಿಲ್ಲದ ಸುರಕ್ಷತೆಯನ್ನು ಮುಟ್ಟಬೇಕೆಂದಿತು. ಇಲ್ಲಿ ಸರಾಸರಿ ಚಾಲಕನ ಹೆಸರಿಲ್ಲ. ಸರಾಸರಿಯಲ್ಲಿ ಕುಡುಕನೂ ಸೇರಿರುತ್ತಾನೆ. ಒಳ್ಳೆಯ ಚಾಲಕನನ್ನು ಮಾನದಂಡವಾಗಿಟ್ಟದ್ದು ಆ ವೃತ್ತಿಗೆ ಸಂದ ಗೌರವವೇ ಸರಿ. ಅಪಘಾತಗಳನ್ನು ಶೋಧಿಸಲು ಪ್ರತ್ಯೇಕ ತನಿಖಾಧಿಕಾರಿಗಳನ್ನೂ ಆ ಕಾಯ್ದೆ ಸೃಷ್ಟಿಸಿದೆ. 1840ರ ರೈಲ್ವೆ ತನಿಖಾಧಿಕಾರಿ 184 ವರ್ಷಗಳ ನಂತರ ರಸ್ತೆಗೆ ಬಂದಂತಾಯಿತು.

ಭಾರತದಲ್ಲಿ ಈ ಪ್ರಶ್ನೆಗೆ ಬೇರೆಯೇ ಭಾರವಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಲೆಕ್ಕ ಕೊಟ್ಟಿದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದವರು ಮತ್ತು ಪಾದಚಾರಿಗಳು. ಕ್ರಿಸ್ಟಲ್ ಪ್ಯಾಲೇಸಿನ ಮಹಿಳೆ, ಟೆಂಪಿಯ ಮಹಿಳೆ ಮತ್ತು ಇವರೆಲ್ಲರೂ ಕಾರಿನ ಹೊರಗಿದ್ದವರೇ. ಕಾರಿನೊಳಗೆ ಕೂತು ಯಂತ್ರವನ್ನು ನಂಬಬೇಕೇ ಎಂದು ಯೋಚಿಸುವವನಿಗೆ ಇಳಿದುಹೋಗುವ ಸ್ವಾತಂತ್ರ್ಯವಿದೆ, ರಸ್ತೆ ದಾಟುವವರಿಗೆ ಅದಿಲ್ಲ. ಆ ರಸ್ತೆಗಳನ್ನು ಯಂತ್ರಕ್ಕೆ ಕಲಿಸುವುದೂ ಸುಲಭವಲ್ಲ. ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಮತ್ತು ಇಂಟೆಲ್ ಕಂಪನಿ ಹೈದರಾಬಾದು, ಬೆಂಗಳೂರು ಹಾಗೂ ಅವುಗಳ ಹೊರವಲಯದ ರಸ್ತೆಗಳಿಂದ 10,000 ಚಿತ್ರಗಳನ್ನು ಆಯ್ದು, ಅವುಗಳಲ್ಲಿ ಕಾಣುವ ಪ್ರತಿಯೊಂದನ್ನೂ 34 ವರ್ಗಗಳಲ್ಲಿ ಗುರುತಿಸಿ 2018ರಲ್ಲಿ ಸಂಶೋಧಕರ ಬಳಕೆಗೆ ಬಿಡುಗಡೆ ಮಾಡಿದವು. ಯೂರೋಪಿನ ಇಂಥ ಸಂಗ್ರಹಗಳಲ್ಲಿಲ್ಲದ ಆಟೋರಿಕ್ಷಾಕ್ಕೆ ಅಲ್ಲಿ ಒಂದು ವರ್ಗ ಬೇಕಾಯಿತು. ಅದಕ್ಕಿಂತ ಗಮನಾರ್ಹವಾದದ್ದೆಂದರೆ, ಡಾಂಬರಿನ ಅಂಚು ಮುಗಿದ ಮೇಲೂ ವಾಹನಗಳು ಓಡುವ ಮಣ್ಣಿನ ಪಟ್ಟಿಗೂ ಒಂದು ವರ್ಗವನ್ನು ಮಾಡಬೇಕಾಯಿತು. ರಸ್ತೆ ಎಲ್ಲಿ ಕೊನೆಯಾಗುತ್ತದೆ ಎಂಬುದೇ ಇಲ್ಲಿ ಖಚಿತವಿಲ್ಲ. ಫೀನಿಕ್ಸ್‌ನಲ್ಲಿ ಗಳಿಸಿದ ಅಂಕಿಯನ್ನು ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತಕ್ಕೆ ತಂದು ಓದಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಕೇಂದ್ರ ಸಚಿವ ನಿತಿನ್ ಗಡ್ಕರಿ 2017ರಲ್ಲೂ ಆ ನಂತರವೂ ಚಾಲಕರಹಿತ ಕಾರುಗಳನ್ನು ದೇಶದೊಳಗೆ ಬಿಡುವುದಿಲ್ಲವೆಂದು ಹೇಳಿದಾಗ ಕೊಟ್ಟ ಕಾರಣ ಸುರಕ್ಷತೆಯದಲ್ಲ, ಲಕ್ಷಾಂತರ ಚಾಲಕರ ಜೀವನೋಪಾಯದ್ದು. ಅದೂ ಹಗುರವಾಗಿ ತಳ್ಳಿಹಾಕುವ ಮಾತಲ್ಲ.

ಬೇಲಿಯೊಳಗಿನ ಯಂತ್ರಕ್ಕೆ ಈ ತೊಡಕುಗಳಿಲ್ಲ. ದೆಹಲಿ ಮೆಟ್ರೊದ ಒಂದು ಮಾರ್ಗದಲ್ಲಿ 2020ರ ಡಿಸೆಂಬರ್‌ನಿಂದ ಚಾಲಕರಹಿತ ಸೇವೆಯಿದೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 10ರಂದು ಉದ್ಘಾಟನೆಯಾದ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದ ರೈಲುಗಳು ಚಾಲಕನಿಲ್ಲದೆ ಓಡಲು ಸಜ್ಜಾಗಿ ಬಂದರೂ ಸೇವೆ ಆರಂಭವಾದದ್ದು ಮುಂದಿನ ಕೋಣೆಯಲ್ಲಿ ಚಾಲಕನನ್ನು ಇಟ್ಟುಕೊಂಡೇ. ಆ ಹಳಿಯ ಕೆಳಗಿನ ರಸ್ತೆಗೆ ಅನ್ವಯಿಸುವುದು 1988ರ ಮೋಟಾರು ವಾಹನ ಕಾಯ್ದೆ. ಕೆಟ್ಟುನಿಂತ ವಾಹನವನ್ನು ಇನ್ನೊಂದು ವಾಹನ ಎಳೆದೊಯ್ಯುವಾಗ, ಹಿಂದಿನದರ ಸ್ಟಿಯರಿಂಗ್ ಹಿಡಿದು ಕೂತ ವ್ಯಕ್ತಿಯೂ ಚಾಲಕನೇ ಎಂದು ಅದರ ಎರಡನೆಯ ಸೆಕ್ಷನ್ ವಿವರಿಸುತ್ತದೆ. ಮೂರನೆಯ ಸೆಕ್ಷನ್, ಪರವಾನಗಿಯಿಲ್ಲದೆ ಯಾವ ವ್ಯಕ್ತಿಯೂ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ ಎನ್ನುತ್ತದೆ. ಎರಡೂ ಕಡೆ ಇರುವ ಶಬ್ದ ವ್ಯಕ್ತಿ.